ಕುಳಿತವರಿಗೆ ಕಾಣದ ವಿಮಾನ

ನಮ್ಮ ಸೋದರಮಾವ "ಬರ್ರಿ, ಕುಂತ್ಕಳ್ರಿ" ಎಂದರೆ ಯಾವ ಕಾರಣಕ್ಕೂ ಕೂರಬಾರದು! ನಿಂತೇ ಮಾತಾಡಿ, ನಿಂತೇ ಕಾಫಿ ಕುಡಿದು, ಬಂದ ದಾರಿ ಹಿಡಿಯಬೇಕು. ನ್ಯಾಮತಿಯ ಜನಕ್ಕೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದೆ ಸಿಕ್ಕಿಬೀಳುತ್ತಿದ್ದವರು ಪರಊರಿನ ನೆಂಟರು. ಪಾಪ, ಅವರು ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿದ ಕೂಡಲೇ ಮಾವ ಆಡುತ್ತಿದ್ದ ಮಾತು ನಿಲ್ಲಿಸಿ, ಒಂದು ಕಣ್ಣು ಕಿರಿದು ಮಾಡಿ, ಅವರ ನೆತ್ತಿಯಿಂದ ನೆಲದವರೆಗೆ ಒಮ್ಮೆ, ಈ ಭುಜದಿಂದ ಆ ಭುಜದವರೆಗೆ ಒಮ್ಮೆ ನೋಡುತ್ತಿದ್ದ. ಆಮೇಲೆ ತನ್ನಷ್ಟಕ್ಕೆ ತಾನು "ಎರಡೂ ಮುಕ್ಕಾಲು ಅಡಿ" ಎನ್ನುತ್ತಿದ್ದ. ಅಳತೆ ಮುಗಿಯಿತು!

ಯಾವುದರ ಅಳತೆ ಅಂತೀರಾ? ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸಿ ಕಳಿಸುತ್ತೇವೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಒಳ್ಳೆಯ ಬಟ್ಟೆ ಉಡಿಸಿ, ಬಿದಿರಿನ ಚೌಕಟ್ಟಿನೊಳಗೆ ಕೂರಿಸಿ, ಊರಲ್ಲಿ ಮೆರೆಸಿಕೊಂಡು ಹೋಗಿ ಕೂತ ಹಾಗೆಯೇ ಮಣ್ಣಿಗಿಡುತ್ತೇವೆ. ಆ ಚೌಕಟ್ಟಿಗೆ ಬಾಳೆದಿಂಡು, ಬಣ್ಣದ ಕಾಗದ, ಹೂವು ಕಟ್ಟಿ ಗೋಪುರದ ಹಾಗೆ ಮಾಡುತ್ತಾರಲ್ಲ, ಅದೇ ವಿಮಾನ. ನಮ್ಮ ಮಾವ ವಿಮಾನ ಕಟ್ಟುವವನು. ಹೊಟ್ಟೆಪಾಡಿಗೆ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ವಿಮಾನ ಕಟ್ಟುವುದು ಮಾತ್ರ ಪುಕ್ಕಟೆ, ಯಾರು ಬಲವಂತ ಮಾಡಿದರೂ ಏನೂ ಮುಟ್ಟುತ್ತಿರಲಿಲ್ಲ. ಸುತ್ತಮುತ್ತ ಯಾರಾದರೂ ಹೋದರು ಅಂತ ಸುದ್ದಿ ಬಂದ ಕೂಡಲೇ ಅಂಗಡಿಯ ಬಾಗಿಲು ಎಳೆದು ಹೊರಟುಬಿಡುತ್ತಿದ್ದ. ಬೆಳಿಗ್ಗೆ ಒಂದು ತಾಸಿನ ಬಾಡಿಗೆಗೆಂದು ಸೈಕಲ್ ಒಯ್ದವರು ವಾಪಸು ಕೊಡಲು ಬಂದರೆ ಬೀಗ! ಹಾಗಾಗಿ ಊರಲ್ಲಿ ಸಾವಾದ ದಿನ ಅರ್ಧ ನ್ಯಾಮತಿ ಸಂಜೆಯವರೆಗೂ ಸೈಕಲ್ ಮೇಲೆ ತಿರುಗುತ್ತಿತ್ತು. ದುಃಖದ ದಿನ ಇಷ್ಟು ಬೆಲ್ಲಿನ ಸದ್ದು ಬೇರೆ ಯಾವ ಊರಲ್ಲಿ ಕೇಳಿಸೀತು?

ಎಪ್ಪತ್ತರ ದಶಕದ ಮಾತು. ನಾನು ಆಗತಾನೇ ಚನ್ನಗಿರಿಯಲ್ಲಿ ಹೈಸ್ಕೂಲು ಮೇಷ್ಟರಾಗಿ ಸೇರಿದ್ದೆ. ನನ್ನ ತಂಗಿಯನ್ನು ನೋಡಲು ಜಗಳೂರು ಕಡೆಯವರು ಮನೆಗೆ ಬಂದರು. ಮಾವನೂ ನ್ಯಾಮತಿಯಿಂದ ಬಂದಿದ್ದ. ಬಾಯಿ ಬಿಡಬೇಡ ಎಂದು ಅಮ್ಮ ಮೊದಲೇ ಆಣೆ ಹಾಕಿಸಿಕೊಂಡಿದ್ದಳು. ಹುಡುಗನ ದೊಡ್ಡಪ್ಪ ಭಾರೀ ಆಳು. ಆತ ಉಸ್ಸೆಂದು ಚಾಪೆಯ ಮೇಲೆ ಕೂತದ್ದೇ ತಡ, ಮಾವನ ಕಣ್ಣು ಕಿರಿದಾಯಿತು.

"ಮೂರು ಅಡಿ," ಎಂದ. ಸ್ವಲ್ಪ ಯೋಚಿಸಿ, "ಆರು ಜನ ಬೇಕು" ಎಂದೂ ಸೇರಿಸಿದ.

"ಏನ್ರಿ ಅದು, ಆರು ಜನ?" ಎಂದರು ದೊಡ್ಡಪ್ಪ.

"ಹೊರಾಕೆ," ಎಂದ ಮಾವ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಪಕ್ಕದಲ್ಲಿದ್ದವರು ಅವರ ಕಿವಿಯಲ್ಲಿ ವಿಷಯ ಉಸುರಿದರು. ದೊಡ್ಡಪ್ಪ ಆ ಗಾತ್ರದ ಮನುಷ್ಯ ಎದ್ದು ನಿಂತ ವೇಗ ನಾನು ಇವತ್ತಿಗೂ ಮರೆತಿಲ್ಲ! ಉಪ್ಪಿಟ್ಟು ನಿಂತೇ ತಿಂದರು. ನಮ್ಮ ಮನೆಯಿಂದ ಬೇಗ ಹೊರಬೀಳುವ ಆತುರಕ್ಕೆ ನಮ್ಮಪ್ಪ ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದರು. ಹತ್ತು ನಿಮಿಷದಲ್ಲಿ ಸಂಬಂಧ ಕುದುರಿತು. "ಇನ್ನು ಮ್ಯಾಲೆ ಎಲ್ಲಾ ಮಾತುಕತೆಗೂ ನಿನ್ನ ತಮ್ಮನ್ನ ಕರಿಯೇ" ಎಂದು ಅಪ್ಪ ಅಮ್ಮನಿಗೆ ಹೇಳಿದರು.

ಆದರೆ ಮಾವನನ್ನು ಬರೀ ತಿಕ್ಕಲು ಎಂದು ತಳ್ಳಿಹಾಕುವಂತಿರಲಿಲ್ಲ. ಬೇರೆಯವರು ಕಟ್ಟುವ ವಿಮಾನ ಎಲ್ಲರಿಗೂ ಒಂದೇ ಥರ. ಮಾವನದು ಹಾಗಲ್ಲ. ಸತ್ತವರ ಮನೆಗೆ ಹೋದವನೇ ಅಳುವವರ ನಡುವೆ ಕೂತು, "ಅವ್ರಿಗೆ ಯಾವ ಬಣ್ಣ ಇಷ್ಟ ಇತ್ತಮ್ಮ? ಬೆಳಿಗ್ಗೆ ಎದ್ದು ಮೊದಲು ಎತ್ತಗೆ ನೋಡ್ತಿದ್ರು?" ಎಂದು ವಿಚಾರಿಸುತ್ತಿದ್ದ. ಅಳುತ್ತಿದ್ದವರು ಅಳು ನಿಲ್ಲಿಸಿ ಯೋಚಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಉತ್ತರ ಯಾರಿಗೂ ಗೊತ್ತಿರುತ್ತಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದವರ ಇಷ್ಟದ ಬಣ್ಣ ಗೊತ್ತಿಲ್ಲವಲ್ಲ ಎಂದು ಆಮೇಲೆ ಇನ್ನೂ ಜೋರಾಗಿ ಅಳುತ್ತಿದ್ದರು.

ಗೋವಿನಕೋವಿಯಲ್ಲಿ ಒಬ್ಬ ಪೋಸ್ಟ್‌ಮನ್ ತೀರಿಕೊಂಡಾಗ ಮಾವ ಬಣ್ಣದ ಕಾಗದದಲ್ಲಿ ನೂರಾರು ಪುಟ್ಟ ಲಕೋಟೆ ಮಾಡಿ ವಿಮಾನದ ಸುತ್ತ ತೂಗುಬಿಟ್ಟಿದ್ದ. ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ ಸರಬರ ಎನ್ನುತ್ತಿದ್ದವು. ಆತನ ಹೆಂಡತಿ ಕಣ್ಣೊರೆಸಿಕೊಂಡು, "ಅದ್ರಾಗೆ ಏನು ಬರ್ದೀರಿ ಅಣ್ಣಾರೆ?" ಎಂದು ಕೇಳಿದಳು.

"ಏನೂ ಬರ್ದಿಲ್ಲ ತಾಯಿ. ಜೀವಮಾನ ಎಲ್ಲಾ ಬೇರೇರ ಸುದ್ದಿ ಹೊತ್ರು. ಇವತ್ತು ಹಗುರಾಗಿ ಹೋಗ್ಲಿ."

ಆ ಹೆಂಗಸು ಸತ್ತ ಗಂಡನ ಮುಂದೆ ಒಂದು ಸಲ ನಕ್ಕುಬಿಟ್ಟಳು. ಸಾವಿನ ಮನೆಯಲ್ಲಿ ಅಂಥ ನಗು ನಾನು ಮತ್ತೆ ನೋಡಿಲ್ಲ.

ನಲ್ಲೂರಿನ ಒಬ್ಬ ಯಜಮಾನನ ಕತೆ ಬೇರೆ. ಆತ ಬದುಕಿದ್ದಾಗ ದೇವರ ಮುಂದೆಯೂ ತಲೆ ಬಗ್ಗಿಸಿದವನಲ್ಲ. ಸತ್ತಾಗ ಮಕ್ಕಳು, "ಐದು ಅಂತಸ್ತು ಬೇಕು, ದಾಯಾದಿಗಳ ಹೊಟ್ಟೆ ಉರೀಬೇಕು" ಎಂದು ಹಟ ಹಿಡಿದರು. "ಎತ್ತರ ಬ್ಯಾಡ್ರಪ್ಪ, ಬೀದಿ ನೋಡಿ ಮಾತಾಡ್ರಿ" ಎಂದು ಮಾವ ಬೇಡಿಕೊಂಡ. ಕೇಳಲಿಲ್ಲ. ಕಟ್ಟಿಕೊಟ್ಟ. ಮೆರವಣಿಗೆ ಮೂರನೇ ತಿರುವಿಗೆ ಬರುವಷ್ಟರಲ್ಲಿ ಅಡ್ಡಕ್ಕೆ ಕರೆಂಟ್ ತಂತಿ! ಹಿಂದೆ ಹೋಗಲು ಜನ, ಮುಂದೆ ಹೋಗಲು ತಂತಿ. ಕೊನೆಗೆ ಹೊತ್ತವರೆಲ್ಲ ಮೊಣಕಾಲೂರಿ, ವಿಮಾನವನ್ನು ಪೂರಾ ಮುಂದಕ್ಕೆ ಬಗ್ಗಿಸಿ, ತಂತಿಯ ಕೆಳಗೆ ನುಸುಳಿಸಬೇಕಾಯಿತು. ಯಜಮಾನ ಊರ ಮುಂದೆ, ದಾಯಾದಿಯ ಬಾಗಿಲಿಗೆ ಸರಿಯಾಗಿ, ಹಣೆ ಬಾಗಿಸಿ ದಾಟಿದ. ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ದುಃಖಕ್ಕೆ ಎಂದು ಜನ ತಿಳಿದರು.

ಮಾವನಿಗೆ ಈ ವಿದ್ಯೆಯಲ್ಲಿ ಒಬ್ಬನೇ ಸರಿಸಾಟಿ, ಅವನ ಗೆಳೆಯ ರಜಾಕ್ ಸಾಬ್. ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಿದ್ದ ಈತ ಮೊಹರಂ ಬಂದರೆ ಬಿದಿರು, ಬೇಗಡೆ ಕಾಗದದಲ್ಲಿ ತಾಬೂತು ಕಟ್ಟುತ್ತಿದ್ದ. ಮಾವನ ಹತ್ತಿರ ಹಸಿರು ಕಾಗದ ಮುಗಿದರೆ ಅವನು ಕೊಡುವನು, ಅವನಿಗೆ ಅಂಟು ಸಾಲದಿದ್ದರೆ ನಮ್ಮತ್ತೆಯ ಅಡಿಗೆಮನೆಯ ಮೈದಾಹಿಟ್ಟು ಮಾಯ. ಇಷ್ಟು ಚೆಂದ ಕಟ್ಟಿ ಸಂಜೆಗೆ ಹಾಳು ಮಾಡುತ್ತೀರಲ್ಲ, ಬೇಜಾರಾಗಲ್ವಾ ಎಂದು ನಾನೊಮ್ಮೆ ಕೇಳಿದೆ. "ನಮ್ದು ನೀರಿಗೆ, ಇವರ್ದು ಮಣ್ಣಿಗೆ. ಉಳಿಯಾ ಮಾಲು ಕಟ್ಟಾಕೆ ಬೇರೆ ಜನ ಅದಾರಲ್ಲ ಮೇಷ್ಟ್ರೇ" ಎಂದ ರಜಾಕ್ ಸಾಬ್. ಮಾವ ಕತ್ತೆತ್ತದೆ ಇನ್ನೊಂದು ಮಾತು ಹೇಳಿದ: "ಅದೆಲ್ಲಾ ಇರ್ಲಿ. ಯಾರಿಗೋಸ್ಕರ ಕಟ್ತೀವೋ ಅವ್ರೊಬ್ರೇ ಅದನ್ನ ನೋಡಲ್ಲ. ಅದಕ್ಕೆ ಮಾತ್ರ ಬೇಜಾರು."

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಜಗಳೂರು ಕಡೆಯ ಸೊಕ್ಕೆ ಅವಳ ತವರು. ಮಕ್ಕಳಾಗಲಿಲ್ಲ. ಹಿತ್ತಲ ತುಂಬ ಸೇವಂತಿಗೆ, ಕನಕಾಂಬರ ಬೆಳೆಸುತ್ತಿದ್ದಳು. ಅವು ಅರಳುವುದಕ್ಕೂ ಊರಲ್ಲಿ ಯಾರಾದರೂ ಕಣ್ಣು ಮುಚ್ಚುವುದಕ್ಕೂ ಅದೇನು ನಂಟೋ! ಅತ್ತೆ ನೀರು ಸೇದಿ ತರುವಷ್ಟರಲ್ಲಿ ಮಾವ ಗಿಡ ಬೋಳಿಸಿಕೊಂಡು ಹೋಗಿರುತ್ತಿದ್ದ. "ಸತ್ತೋರಿಗೆ ಬುಟ್ಟಿಗಟ್ಲೆ, ಇದ್ದೋಳಿಗೆ ಒಂದು ಮೊಳ ಇಲ್ಲ" ಎಂದು ಅವಳು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಒಂದು ಸಲ ಸಿಟ್ಟಿಗೆ, ಮಾರನೇ ದಿನ ಅರಳಬೇಕಾದ ಮೊಗ್ಗನ್ನೆಲ್ಲ ಹಿಂದಿನ ದಿನವೇ ಕಿತ್ತು ದೇವರ ಪಟದ ಮೇಲೆ ಸುರಿದಳು. ಮಾವ ಬಂದು ಪಟವನ್ನು ನೋಡಿ, "ದೇವ್ರೂ ಹೋದ್ನಾ?" ಎಂದ. ಆವತ್ತು ಅವನಿಗೆ ಊಟ ಸಿಗಲಿಲ್ಲ.

ಹೀಗೆ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದರು. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಅತ್ತೆ ಇಳಿಯತೊಡಗಿದಳು. ಹೊನ್ನಾಳಿಯ ಡಾಕ್ಟರು ದಾವಣಗೆರೆಗೆ ಬರೆದುಕೊಟ್ಟರು. ದಾವಣಗೆರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೊಟ್ಟೆಯಲ್ಲಿ ಗಡ್ಡೆ, ಹಬ್ಬಿಬಿಟ್ಟಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ನಾನು ಮಾವನಿಗೆ ಹೇಳಿದೆ. ಅತ್ತೆಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಂಡನ ಕಣ್ಣೇ ಹೇಳಿಬಿಟ್ಟಿತ್ತು. ಊರಲ್ಲಿ ಕೂತವರನ್ನೆಲ್ಲ ಅಳೆಯುತ್ತಿದ್ದ ಮನುಷ್ಯ, ಹೆಂಡತಿ ಮಣೆಯ ಮೇಲೆ ಕೂತರೆ ಸಾಕು, ಮುಖ ತಿರುಗಿಸಿ ಹೊರಗೆ ಹೋಗುತ್ತಿದ್ದ.

ಒಂದು ಭಾನುವಾರ ನಾನು ಹೋಗಿದ್ದಾಗ, ಮೂವರೂ ಊಟಕ್ಕೆ ಕೂತಾಗ, ಅತ್ತೆಯೇ ಮಾತು ತೆಗೆದಳು.

"ನಂಗೆ ಹೆಂಗೆ ಕಟ್ತೀರಿ?"

ಮಾವನ ತುತ್ತು ನಡುದಾರಿಯಲ್ಲಿ ನಿಂತಿತು. "ಊಟ ಮಾಡೇ."

"ನಾನು ನೋಡ್ಬೇಕು ರೀ. ಇಷ್ಟು ವರ್ಷ ಊರೋರಿಗೆಲ್ಲ ಕಟ್ಟಿದ್ದನ್ನ ಬಾಗಿಲಾಗೆ ನಿಂತು ನೋಡೀನಿ. ನಂದು ಮಾತ್ರ ನೋಡದಂಗೆ ಹೋಗ್ಲಾ?"

"ಬದುಕಿರೋರಿಗೆ ವಿಮಾನ ಕಟ್ಟಾಕೆ ಆಗ್ತೈತೇನೇ? ಅಪಶಕುನ."

"ಅಪಶಕುನ ಆಗಿ ಇನ್ನೇನು ಆಗೋದೈತೆ?" ಎಂದು ಅತ್ತೆ ನಕ್ಕಳು. ಮಾವ ತಟ್ಟೆ ಬಿಟ್ಟು ಎದ್ದ. ಅತ್ತೆ ಕೇಳಿದ್ದು ಒಂದು ಬಳೆಯಲ್ಲ, ಸೀರೆಯಲ್ಲ. ಬದುಕಿರುವವರಿಗೆ ಅಂಥದ್ದನ್ನು ಮನೆಯ ಅಂಗಳದಲ್ಲಿ ಕಟ್ಟುವಂತಿಲ್ಲ, ಊರು ಸುಮ್ಮನಿರುವುದಿಲ್ಲ. ಕಟ್ಟದಿದ್ದರೆ ಕಾಲ ಕಾಯುವುದಿಲ್ಲ. ನಾನೂ ಊಟ ಸೇರದೆ ಕೈ ತೊಳೆದೆ.

ಇದಾಗಿ ಹದಿನೈದು ದಿನಕ್ಕೆ ದಾವಣಗೆರೆಯಿಂದ ಒಬ್ಬ ಚಿತ್ರಕಲಾ ಮೇಷ್ಟರು ನ್ಯಾಮತಿಗೆ ಬಂದರು. ಗಡ್ಡ, ಜುಬ್ಬ, ಹೆಗಲಿಗೆ ಚೀಲ. ಯಾವುದೋ ಮೆರವಣಿಗೆಯಲ್ಲಿ ಮಾವನ ವಿಮಾನ ನೋಡಿ ಬೆರಗಾಗಿದ್ದರಂತೆ. ತಮ್ಮ ಪ್ರದರ್ಶನಕ್ಕೆ ಒಂದು ಕಟ್ಟಿಕೊಡಬೇಕು ಎಂದರು. ಇದಕ್ಕೆ ಇನ್‌ಸ್ಟಲೇಶನ್ ಆರ್ಟ್ ಅನ್ನುತ್ತಾರೆ, ಗೋಡೆಗೆ ತೂಗುಹಾಕುವ ಚಿತ್ರ ಅಲ್ಲ, ಒಂದು ಜಾಗವನ್ನೇ ಕಟ್ಟುವುದು, ಜನ ಅದರ ಸುತ್ತ ಓಡಾಡಿ ನೋಡುವುದು, ಆಮೇಲೆ ಬಿಚ್ಚಿಹಾಕುವುದು ಎಂದು ವಿವರಿಸಿದರು. ವಿದೇಶದಲ್ಲಿ ಈಗೀಗ ಶುರುವಾಗಿದೆ ಎಂದರು. ನಮ್ಮೂರಲ್ಲಿ ಮುತ್ತಜ್ಜನ ಕಾಲದಿಂದ ನಡೆಯುತ್ತಿದೆ ಎಂದು ನಾನು ಹೇಳಬೇಕೆಂದಿದ್ದೆ, ಮರ್ಯಾದೆಗೆ ಸುಮ್ಮನಾದೆ.

"ಒಳಗೆ ಯಾರು ಕುಂತ್ಕಂತಾರೆ?" ಮಾವನ ಮೊದಲ ಪ್ರಶ್ನೆ.

"ಯಾರೂ ಇಲ್ಲ. ಖಾಲಿ ಪೀಠ. ನೋಡುವವರು ತಮ್ಮನ್ನೇ ಅಲ್ಲಿ ಕಲ್ಪಿಸಿಕೊಳ್ಳಬೇಕು."

"ನಮ್ಮೂರಾಗೆ ಹಂಗೆ ಕಲ್ಪಿಸ್ಕಳಿ ಅಂದ್ರೆ ಹೊಡೀತಾರೆ ಸ್ವಾಮಿ."

"ಸೌಂದರ್ಯ ಮತ್ತು ಸಾವು ಒಂದೇ ಕಡೆ ಕೂತಿರುತ್ತವೆ, ಅದನ್ನು ತೋರಿಸಬೇಕು. ಹೂವು ಬಾಡುವುದೇ ಇಲ್ಲಿ ಸಂಕೇತ."

"ಹೂವು ಬಾಡೋದು ಸಂಕೇತ ಅಲ್ರಿ, ಬಿಸಿಲು," ಎಂದ ಮಾವ. "ಹೆಣ ಇಲ್ದೆ ವಿಮಾನ ಕಟ್ಟಲ್ಲ ನಾನು. ಕಾಫಿ ಕುಡ್ಕಂಡು ಹೋಗ್ರಿ. ಕುಂತ್ಕಳ್ರಿ."

ಮೇಷ್ಟರು ಕೂತರು. ಆದರೆ ಮಾವ ಆವತ್ತು ಅಳೆಯಲಿಲ್ಲ. ಅವನ ಕಣ್ಣು ಅಡಿಗೆಮನೆಯ ಬಾಗಿಲಿನ ಮೇಲಿತ್ತು. ಅತ್ತೆ ಅಲ್ಲಿ ಚೌಕಟ್ಟು ಹಿಡಿದು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಗಂಡನ ಮುಖವನ್ನೇ ನೋಡಿದಳು. ಮೇಷ್ಟರು ಕಾಫಿ ಮುಗಿಸಿ ಬಸ್ ಹತ್ತಲು ಹೊರಟರು. ಮಾವ ಚಪ್ಪಲಿಯನ್ನೂ ಮೆಟ್ಟದೆ ಅವರ ಹಿಂದೆ ಓಡಿದ.

"ಯಾವತ್ತು ಅಂದ್ರಿ?" ಎಂದು ಕೇಳುತ್ತಿದ್ದುದು ಮನೆಯ ತನಕ ಕೇಳಿಸಿತು.

ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಹೆಂಡತಿ ಹಾಸಿಗೆ ಹಿಡಿದಿರುವಾಗ ಇವನಿಗೆ ಹೆಸರು ಮಾಡುವ ಹುಚ್ಚು ಹತ್ತಿತು ಎಂದರು. ನಮ್ಮಮ್ಮನೂ ಬೈದಳು. ಮಾವ ಮಾತ್ರ ನವರಾತ್ರಿಯ ಹೊತ್ತಿಗೆ, ಅಂಗಡಿಯನ್ನು ರಜಾಕ್ ಸಾಬ್‌ಗೆ ಒಪ್ಪಿಸಿ ಮೊದಲು ಸೊಕ್ಕೆಗೆ ಹೋದ. ಅಲ್ಲಿಂದ ಗೋಣಿಚೀಲಗಳ ಸಮೇತ ದಾವಣಗೆರೆಗೆ. ನಾಲ್ಕನೇ ದಿನ ಅತ್ತೆಯನ್ನು ನಾನು ಬಾಡಿಗೆ ಕಾರಿನಲ್ಲಿ ದಿಂಬು ಇಟ್ಟು ಕರೆದೊಯ್ದೆ.

ಅದೊಂದು ದೊಡ್ಡ ಹಾಲು. ಒಂದು ಮೂಲೆಯಲ್ಲಿ ಕಪ್ಪು ಬಣ್ಣ ಬಳಿದ ನೇಗಿಲು. ಇನ್ನೊಂದು ಕಡೆ ಸೀರೆಯೊಳಗೆ ಉರಿಯುವ ಬಲ್ಬು. ಮಧ್ಯದಲ್ಲಿ ಯಾರೋ ಸೂರಿನಿಂದ ನೂರಾರು ದಾರ ಇಳಿಬಿಟ್ಟು ಕಲ್ಲು ಕಟ್ಟಿದ್ದರು. ಆ ಗಂಟುಗಳು ಸಡಿಲವಾಗಿರುವುದನ್ನು ನೋಡಲಾರದೆ ಮಾವ ಹಿಂದಿನ ದಿನ, ಯಾರೂ ಇಲ್ಲದ ಹೊತ್ತಿನಲ್ಲಿ, ಅಷ್ಟನ್ನೂ ಬಿಚ್ಚಿ ಬಿಗಿಯಾಗಿ ಕಟ್ಟಿಬಿಟ್ಟಿದ್ದ! ಆ ಕಲಾಕೃತಿಗೆ ಬಹುಮಾನ ಬಂತು. ಎಳೆತದ ಬಿಗಿಯನ್ನು ತೀರ್ಪುಗಾರರು ಬಹಳ ಮೆಚ್ಚಿದರಂತೆ.

ಕೊನೆಯಲ್ಲಿ ಮಾವನ ವಿಮಾನವಿತ್ತು. ಎಲ್ಲಿ ನೋಡಿದರೂ ಪೇಟೆಯ ಹೂವು ಒಂದೂ ಇಲ್ಲ. ನಾಲ್ಕು ಕಂಬಕ್ಕೂ ನವಣೆ ತೆನೆ, ಸಜ್ಜೆ ತೆನೆ. ಮೇಲೆ ಪೂರಾ ಹುಚ್ಚೆಳ್ಳಿನ ಹಳದಿ ಹೂವು. ಅಂಚಿಗೆ ಬೇರುಸಮೇತ ಕಿತ್ತ ಶೇಂಗಾ ಗಿಡ, ಬುಡದಲ್ಲಿ ಇನ್ನೂ ಕೆಂಪು ಮಣ್ಣು. ನಡುವೆ ಒಂದು ಖಾಲಿ ಮಣೆ.

ಅತ್ತೆ ನನ್ನ ತೋಳು ಹಿಡಿದು ನಿಂತು ಬಹಳ ಹೊತ್ತು ನೋಡಿದಳು.

"ನಮ್ಮಪ್ಪನ ಹೊಲ," ಎಂದಳು.

ಮಾವ ಕೈ ಒರೆಸಿಕೊಳ್ಳುತ್ತ ದೂರ ನಿಂತಿದ್ದ. ಅವಳು ಕರೆದಳು. "ಬರ್ರಿ ಇಲ್ಲಿ. ಎತ್ತರ ಸರಿಯಾಗೈತಾ? ನನ್ನ ಅಳತೆ ಯಾವಾಗ ತಗಂಡ್ರಿ? ಈಚೆಗೆ ನನ್ನ ಕಡೆ ನೋಡೇ ಇಲ್ಲ ನೀವು."

"ಮದುವೆ ದಿನ ತಗಂಡಿದ್ದೆ," ಎಂದ ಮಾವ. "ಹಸೆಮಣೆ ಮ್ಯಾಲೆ. ಎರಡೂವರೆ ಅಡಿ."

"ಅವಾಗ್ಲೇ?"

"ಅವಾಗ ಇದಕ್ಕಲ್ಲ ಕಣೇ. ಸುಮ್ನೆ... ನೋಡಿದ್ದೆ."

ಅತ್ತೆಗೆ ಎದುರಿಗೇ ಒಂದು ಕುರ್ಚಿ ಹಾಕಿದೆವು. ಮಧ್ಯಾಹ್ನವೆಲ್ಲ ಅಲ್ಲೇ ಕೂತಿದ್ದಳು. ಗಡ್ಡದ ಮೇಷ್ಟರು ಬಂದವರಿಗೆಲ್ಲ ನಶ್ವರತೆ, ಶೂನ್ಯ ಎಂದು ವಿವರಿಸುತ್ತಿದ್ದರು. ಅವರ ಮಾತು ಕೇಳಿ ಕೇಳಿ ಅತ್ತೆಗೆ ಹಸಿವಾಯಿತು. ತಿಂಗಳಾದ ಮೇಲೆ ಮೊದಲ ಸಲ, ತಾನಾಗಿಯೇ ಕೇಳಿ, ಮಂಡಕ್ಕಿ ತಿಂದಳು. ಜನ ಅವಳನ್ನೂ ಕಲಾಕೃತಿಯ ಭಾಗ ಎಂದು ತಿಳಿದು ಸುತ್ತು ಹಾಕಿ ನೋಡಿದರು. ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ಯಾರೋ ಬರೆದಿದ್ದರು: 'ಎದುರಿಗೆ ಮಂಡಕ್ಕಿ ತಿನ್ನುತ್ತ ಕುಳಿತ ಮುದುಕಿಯ ಕಲ್ಪನೆ ಅದ್ಭುತ.' ನಾನು ಓದಿ ಹೇಳಿದೆ. ಅತ್ತೆ ಕೆಮ್ಮು ಬರುವಷ್ಟು ನಕ್ಕಳು. ನಾನು ನಗಲು ಹೋಗಿ, ಆಗದೆ, ಹೊರಗೆ ಬಂದು ನಿಂತೆ. ಕಲೆಯ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಆದರೆ ಅಷ್ಟು ದೊಡ್ಡ ಹಾಲಿನಲ್ಲಿ ಆವತ್ತು ಆ ಕೆಲಸ ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪಿತ್ತು, ಅದನ್ನು ಕಣ್ಣಾರೆ ಕಂಡೆ.

ಸಂಕ್ರಾಂತಿ ಕಳೆದು ವಾರಕ್ಕೆ, ಒಂದು ಬೆಳಿಗ್ಗೆ, ಅತ್ತೆ ಹೋದಳು. ನಾನು ನ್ಯಾಮತಿಗೆ ಹೋಗುವಷ್ಟರಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅಂಗಳದಲ್ಲಿ ಬಿದಿರು, ಬಾಳೆದಿಂಡು ಬಂದು ಬಿದ್ದಿದ್ದವು. ರಜಾಕ್ ಸಾಬ್ ಎರಡು ಬುಟ್ಟಿ ಹೂವು ತಂದಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ. ಊರೆಲ್ಲ ಕಾಯುತ್ತಿತ್ತು. ಹೆಂಡತಿಗೆ ಎಂಥ ವಿಮಾನ ಕಟ್ಟುತ್ತಾನೋ ನೋಡಬೇಕೆಂದು ಗೋವಿನಕೋವಿಯಿಂದಲೂ ಜನ ಬಂದಿದ್ದರು.

ಮಾವ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಅವಳ ಕೈ ಅವನ ತೊಡೆಯ ಮೇಲಿತ್ತು.

ನಾನು ಬಗ್ಗಿ, "ಮಾವ, ಹೊತ್ತಾಗ್ತೈತೆ. ಕಟ್ಟಾಕೆ ಬರ್ತೀಯಾ?" ಎಂದೆ.

ಅವನು ತಲೆ ಅಲ್ಲಾಡಿಸಿದ. "ಅವಳ್ದು ನಾನು ಕಟ್ಟಾಗೈತೆ, ಅವಳು ನೋಡಾಗೈತೆ. ನೀವು ಯಾರಾದ್ರೂ ಕಟ್ಟಿ ಅಳಿಯಾ."

"ಯಾವ ಹೂವು ಹಾಕೋದು? ಹೆಂಗೆ ಮಾಡೋದು? ನಮಗೆ ಬರಲ್ಲ."

"ಹೆಂಗಾದ್ರೂ ಮಾಡ್ರಪ್ಪ," ಎಂದ. ಆಮೇಲೆ ನನ್ನ ಮುಖ ನೋಡಿದ. ಅಷ್ಟು ವರ್ಷದಲ್ಲಿ, ಅಷ್ಟೊಂದು ಸಾವುಗಳಲ್ಲಿ, ಅವನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. "ಇವತ್ತು ಸಾವಿನ ಮನೆ ನಂದು ಕಣೋ. ಸಾವಿನ ಮನೆಯೋರು ಕೆಲಸ ಮಾಡ್ತಾರೇನೋ? ಕುಂತ್ಕಂತಾರೆ."

ನಾನು, ರಜಾಕ್ ಸಾಬ್, ಇನ್ನಿಬ್ಬರು ಸೇರಿ ಕಟ್ಟಿದೆವು. ವಕ್ರವಾಯಿತು. ಒಂದು ಕಡೆ ಹೂವು ಸಾಲದೆ ಬಿದಿರು ಕಾಣುತ್ತಿತ್ತು. ಜನ ತಮ್ಮತಮ್ಮಲ್ಲೇ ಗೊಣಗಿದರು, ನನಗೆ ನಾಚಿಕೆಯಾಯಿತು. ಮಾವ ಅದರ ಕಡೆ ಒಂದು ಸಲವೂ ತಿರುಗಲಿಲ್ಲ. ಹೊರಲು ಬಂದವರು ಬಾಗಿಲಲ್ಲಿ ನಿಂತು ಕರೆಯುವವರೆಗೂ ಅವನು ಹೆಂಡತಿಯನ್ನೇ ನೋಡುತ್ತ ಕೂತಿದ್ದ.